ಸತ್ತಳೆಂದು ನೀವು ಸಾರಿದ ಆಮೆಯ ಪರವಾಗಿ

ನದಿ ಆಮೆಗಳ ಸಂಶೋಧನಾ ಕಚೇರಿಯ ಮಾನ್ಯ ಮಹಾನಿರ್ದೇಶಕರೇ,

ಕಳೆದ ವಾರದ ಪತ್ರಿಕೆಯಲ್ಲಿ ಕಪ್ಪು ಅಂಚು ಹಾಕಿಸಿ ನೀವು ಪ್ರಕಟಿಸಿದ ಶ್ರದ್ಧಾಂಜಲಿಯನ್ನು ಓದಿದೆ. ಚಿಂದ್ವಿನ್ ನದಿಯ ಹೆಮ್ಮೆಯ ಹೆಣ್ಣಾಮೆ, ವಿಜ್ಞಾನಕ್ಕೆ 'ಹುಣ್ಣಿಮೆಯ ವಲಸೆ' ಎಂಬ ಹೊಸ ಅಧ್ಯಾಯವನ್ನೇ ಕೊಟ್ಟ ಮಹಾಜೀವಿ, ಕಳೆದ ಹುಣ್ಣಿಮೆಯಂದು ಇದ್ದಲ್ಲಿಂದ ಕದಲದೇ ಇದ್ದುದರಿಂದ ತೀರಿಕೊಂಡಿರಬೇಕು ಎಂದು ಬಹಳ ದುಃಖದಿಂದ ತಿಳಿಸಿದ್ದೀರಿ. ದುಃಖ ನಿಜವಾದದ್ದೇ ಇರಬಹುದು, ನಾನು ಅನುಮಾನಿಸುವುದಿಲ್ಲ. ಆದರೆ ಸತ್ತವಳು ಸತ್ತಿಲ್ಲ. ಈ ಪತ್ರ ಬರೆಯಲು ನಾನು ಕೂತಿರುವ ದೋಣಿಯಿಂದ ನೋಡಿದರೆ ಕಾಣುತ್ತಾಳೆ: ನೀರಿನಲ್ಲಿ ಸಿಕ್ಕಿಕೊಂಡ ಮರದ ಕೊರಡಿನ ಮೇಲೆ ಮೂತಿ ಎತ್ತಿ ಬಿಸಿಲು ಕಾಯಿಸುತ್ತಿದ್ದಾಳೆ. ಬೆನ್ನ ಮೇಲೆ ನಿಮ್ಮ ಯಂತ್ರ ಇದೆ. ಅವಳ ಜಾತಿಯವರ ಮುಖವೇ ಹಾಗೆ, ಸದಾ ನಕ್ಕಂತೆ ಇರುತ್ತದೆ. ಶ್ರದ್ಧಾಂಜಲಿಯನ್ನು ಅವಳಿಗೆ ಯಾರೂ ಓದಿ ಹೇಳಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಬದುಕಿದ್ದಾಗಲೇ ಸಾವಿನ ಸುದ್ದಿ ಬಂದರೆ ಆಯಸ್ಸು ಹೆಚ್ಚಾಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಆದರೆ ಅದೇ ಪುಟದಲ್ಲಿ, ಶ್ರದ್ಧಾಂಜಲಿಯ ಕೆಳಗೇ, ನಿಮ್ಮ ಕಚೇರಿಯ ಇನ್ನೊಂದು ಪ್ರಕಟಣೆಯೂ ಇತ್ತು. ಲೆಪಾನ್ ತಿರುವಿನ ಮರಳುದಿಬ್ಬವನ್ನು ಆಮೆ ಪದೇ ಪದೇ ತೊರೆದು ಹೋಗುತ್ತಿದ್ದುದರಿಂದ, ಈಗಂತೂ ಆಮೆಯೇ ಇಲ್ಲದಿರುವುದರಿಂದ, ಅಲ್ಲಿ ಮರಳು ತೋಡಲು ನಿಮ್ಮ ಆಕ್ಷೇಪಣೆ ಏನೂ ಇಲ್ಲವಂತೆ. ಈ ಬರುವ ತಬೌಂಗ್ ತಿಂಗಳ ಹುಣ್ಣಿಮೆ ಕಳೆಯುತ್ತಲೇ ತೋಡುವ ಯಂತ್ರ ಬರುತ್ತದಂತೆ. ಮಾನ್ಯರೇ, ಆ ದಿಬ್ಬದ ಮರಳೊಳಗೆ ನಿಮ್ಮ ಸತ್ತ ಆಮೆ ಇಟ್ಟ ಮೊಟ್ಟೆಗಳಿವೆ. ನನ್ನ ತಕರಾರು ಇಷ್ಟೇ. ಮುಂದೆ ಬರೆಯುವುದೆಲ್ಲ ಪುರಾವೆ.

ನನ್ನ ಹೆಸರು ದೋ ಸೆಯಿನ್ ನ್ವೆ. ಲೆಪಾನ್ ತಿರುವಿನ ಊರಿನವಳು. ನಮ್ಮೂರಿನಿಂದ ಮೇಲ್ಗಡೆಯ ಮ್ಯಾಥೈನ್ ಪಗೋಡದ ಕಟ್ಟೆಯವರೆಗೆ ಇಂಜಿನ್ ದೋಣಿ ಓಡಿಸುತ್ತೇನೆ. ಆಮೆಯ ವಿಷಯದಲ್ಲಿ ನಾನು ಪಂಡಿತೆಯಲ್ಲ. ಈ ಗೊಂದಲದಲ್ಲಿ ನಿಮ್ಮಷ್ಟೇ ದಡ್ಡತನ ನಮ್ಮ ಊರಿನದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ವ್ಯತ್ಯಾಸ ಒಂದೇ: ನಮ್ಮ ದಡ್ಡತನವನ್ನು ನಾವು ಗೋಡೆಯ ಮೇಲೆ ಬೆಳಕು ಬಿಟ್ಟು, ಕಡ್ಡಿ ಹಿಡಿದು ತೋರಿಸಲಿಲ್ಲ.

ಎರಡು ವರ್ಷದ ಹಿಂದೆ ಮಳೆ ನಿಂತ ಮೇಲೆ ನಿಮ್ಮವರು ಬಂದದ್ದು ನಿಮಗೆ ನೆನಪಿರಬಹುದು. ತಿರುವಿನ ಆಳದಲ್ಲಿ ಬಲೆ ಬಿಡುವ ನಮ್ಮೂರ ಮೀನುಗಾರ ಕೋ ನ್ಯೋನ ಬಲೆಗೆ ಈ ಹೆಣ್ಣಾಮೆ ಬಿದ್ದಿತ್ತು. ನಿಮ್ಮ ಸಂಶೋಧಕ ಮಹಾಶಯರು ಅದರ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಅಂಟಿಸಿದರು. ಅದಕ್ಕೆ ಇಲಿಬಾಲದಂಥ ಒಂದು ತಂತಿ. ಊರೆಲ್ಲ ಸುತ್ತ ನಿಂತು ನೋಡುತ್ತಿತ್ತು.

"ಇದ್ಯಾಕೆ ಸಯಾ?" ಎಂದು ಕೇಳಿದ್ದು ನನ್ನ ಅತ್ತೆ, ದೋ ಓನ್ ಚಿ. ಓದಿದವರನ್ನೆಲ್ಲ ನಾವು ಸಯಾ ಎಂದೇ ಕರೆಯುವುದು.

"ಇನ್ಮೇಲೆ ಇವಳು ಎಲ್ಲಿಗೆ ಹೋದ್ರೂ ನಮಗೆ ಗೊತ್ತಾಗುತ್ತೆ ಅಮ್ಮಾ. ಆಕಾಶದಲ್ಲಿ ಉಪಗ್ರಹ ಇದೆಯಲ್ಲ, ಅದು ನೋಡ್ತಾ ಇರುತ್ತೆ."

"ನನ್ನ ಮದುವೆ ಆದಾಗ ನಮ್ಮತ್ತೇನೂ ಇದೇ ಮಾತು ಅಂದಿದ್ರು. ಅವರಿಗೆ ಯಂತ್ರ ಬೇಕಾಗಿರ್ಲಿಲ್ಲ" ಎಂದರು ನಮ್ಮತ್ತೆ.

ನಿಮ್ಮವರು ನಗಲಿಲ್ಲ. ಆಮೆಯನ್ನು ಅಲ್ಲೇ ನೀರಿಗೆ ಬಿಟ್ಟು, ಹಾಗೆಯೇ ಊರನ್ನೂ ಬಿಟ್ಟು ಹೋದರು. ಆಮೇಲೆ ಈ ಕಡೆ ತಲೆ ಹಾಕಿದ್ದರೆ ಕೇಳಿ. ಉಪಗ್ರಹ ಇರುವಾಗ ಕಾಲು ಯಾಕೆ ಸವೆಸಬೇಕು? ನಾವು ಆಮೆಗೆ ಮಾ ಪ್ಯೋನ್ ಎಂದು ಹೆಸರಿಟ್ಟೆವು, ನಗುಮುಖಿ ಎಂದರ್ಥ. ನಿಮ್ಮ ವರದಿಯಲ್ಲಿ ಅವಳಿಗೆ ಒಂದು ಅಕ್ಷರ ಮತ್ತು ಒಂದು ಅಂಕೆ ಇದೆ. ಜೈಲಿನಲ್ಲಿ ಇರುವವರಿಗೆ ಕೊಟ್ಟ ಹಾಗೆ.

ನೀವು ಹೋದ ಮೇಲೆ ಏನಾಯಿತೆಂದು ಹೇಳುತ್ತೇನೆ. ಈ ನಾಡಿನಲ್ಲೇ ಹುಟ್ಟಿದ ನಿಮಗೆ ಜೀವದಾನ ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹುಣ್ಣಿಮೆಯ ದಿನ, ಸಾಯಲಿದ್ದ ಒಂದು ಜೀವವನ್ನು ಬಿಡಿಸಿ ನೀರಿಗೆ ಬಿಟ್ಟರೆ ಪುಣ್ಯ. ನಿಮ್ಮ ಮನೆಯವರೂ ಮಾಡಿಸಿರುತ್ತಾರೆ. ಮೀನಿಗೆ ಒಂದು ಮಟ್ಟದ ಪುಣ್ಯ, ಆಮೆಗೆ ಅದಕ್ಕಿಂತ ದೊಡ್ಡದು. ಸರ್ಕಾರವೇ ಬೆನ್ನಿಗೆ ಒಡವೆ ತೊಡಿಸಿ ಕಳಿಸಿರುವ ಆಮೆಗೆ ಇನ್ನೆಷ್ಟಿರಬೇಕು, ನೀವೇ ಊಹಿಸಿ. ಕೋ ನ್ಯೋನ ಬಲೆಗೆ ಮಾ ಪ್ಯೋನ್ ಮತ್ತೆ ಬಿದ್ದ ದಿನ ಅವನ ಮನೆಯ ಮುಂದೆ ಜಾತ್ರೆಯೇ ನೆರೆಯಿತು. ಅವಳನ್ನು ಬಿಡಿಸುವ ಸರದಿ ಗೆದ್ದವರು ನಮ್ಮತ್ತೆ. ಅವರಿಗೆ ಮಂಡಿನೋವು, ಡಾಕ್ಟರು ಕೈಚೆಲ್ಲಿದ್ದರು, ಆಮೆಯೇ ಉಳಿದ ದಾರಿ.

ಬಿಡುವುದಾದರೂ ಎಲ್ಲಿ? ತಿರುವಿನಲ್ಲೇ ಬಿಟ್ಟರೆ ಕೋ ನ್ಯೋನ ಬಲೆ ಅಲ್ಲೇ ಇದೆ, ಬಿಟ್ಟವರಿಗೂ ಮರ್ಯಾದೆಯಲ್ಲ. ಮೇಲ್ಗಡೆ ಮ್ಯಾಥೈನ್ ಪಗೋಡದ ಕಟ್ಟೆಯಲ್ಲಿ ಬಲೆ ಹಾಕಬಾರದೆಂದು ಅಲ್ಲಿನ ಹಿರಿಯ ಭಿಕ್ಷು, ನಮ್ಮ ಸಯಾಡೋ, ಕಟ್ಟು ಮಾಡಿದ್ದಾರೆ. ಅಲ್ಲಿ ಅವರ ಎದುರಿಗೆ ಧಾರೆ ಎರೆದು ಬಿಟ್ಟರೆ ಆಮೆಗೂ ಕ್ಷೇಮ, ಪುಣ್ಯಕ್ಕೂ ಸಾಕ್ಷಿ. ಹಾಗಾಗಿ ಮಾ ಪ್ಯೋನ್‌ಳನ್ನು ಲುಂಗಿಯಂಥ ಒದ್ದೆ ಲೊಂಜಿಯಲ್ಲಿ ಸುತ್ತಿ, ಮೇಲೆ ಕೊಡೆ ಹಿಡಿದು, ನನ್ನ ದೋಣಿಯಲ್ಲಿ ಕರೆದುಕೊಂಡು ಹೋದೆವು. ಅತ್ತೆ ಭಕ್ತಿ ಹೆಚ್ಚಾಗಿ ಅವಳ ಬೆನ್ನಿಗೆ, ನಿಮ್ಮ ಯಂತ್ರಕ್ಕೂ ಸೇರಿಸಿ, ಚಿನ್ನದ ರೇಕು ಅಂಟಿಸಿದರು.

ಮುಂದಿನ ಹುಣ್ಣಿಮೆ ಹತ್ತಿರ ಬರುವಾಗ ಕೋ ನ್ಯೋ ನನ್ನ ದೋಣಿಯ ಹತ್ತಿರ ಬಂದು ತಲೆ ಕೆರೆದುಕೊಂಡ.

"ಅಕ್ಕಾ, ನಿಮ್ಮ ನೆಂಟರು ಮತ್ತೆ ಬಂದವ್ರೆ."

"ಯಾರೋ?"

"ಬೆನ್ನ ಮೇಲೆ ರೇಡಿಯೋ ಹಾಕ್ಕೊಂಡಿರೋರು."

ಈ ಸಲ ಪುಣ್ಯ ಅಕ್ಕಿ ಗಿರಣಿಯವರದು. ಅದರ ಮುಂದಿನ ಸಲ ಶಾಲೆಯ ಮೇಷ್ಟರದು, ಮಗಳಿಗೆ ಗಂಡು ಸಿಗಲೆಂದು. ಹೀಗೇ ಮಳೆಗಾಲ ಬಿಟ್ಟು ಉಳಿದೆಲ್ಲ ಹುಣ್ಣಿಮೆಗೂ ನಾವು ಅವಳನ್ನು ಮೇಲಕ್ಕೆ ಒಯ್ದು ಬಿಡುವುದು, ಅವಳು ಕೆಳಕ್ಕೆ ಈಜಿ ಬಂದು ಅದೇ ತಿರುವಿನಲ್ಲಿ ಅದೇ ಬಲೆಗೆ ಬೀಳುವುದು. ಯಾಕೆ ಬರುತ್ತಾಳೆ ಎಂದು ನಮ್ಮಲ್ಲೊಬ್ಬರೂ ಕೇಳಲಿಲ್ಲ. ಪುಣ್ಯ ತಾನಾಗಿ ಮನೆ ಬಾಗಿಲಿಗೆ ಬರುವಾಗ ಯಾರು ಪ್ರಶ್ನೆ ಕೇಳುತ್ತಾರೆ? "ನಮ್ಮ ಕಡೆಯ ಪುಣ್ಯ ರುಚಿಯಾಗಿದೆ ಅಂತ ಕಾಣುತ್ತೆ" ಎಂದು ಅತ್ತೆ ಬೀಗುತ್ತಿದ್ದರು.

ಇನ್ನು ನಿಮ್ಮ ಸಭೆಯ ಕಥೆ. ಈ ಚಳಿಗಾಲದಲ್ಲಿ, ಕಳೆದ ಹುಣ್ಣಿಮೆಗೆ ಮೂರು ವಾರ ಮುಂಚೆ, ಪಟ್ಟಣದ ಸಭಾಂಗಣದಲ್ಲಿ ಸಂಶೋಧನೆಯ ಫಲಿತಾಂಶವನ್ನು ಸಾರ್ವಜನಿಕರಿಗೆ ತಿಳಿಸುವ ಕಾರ್ಯಕ್ರಮ ಇಟ್ಟಿದ್ದಿರಿ. ಊಟ ಇದೆ ಎಂದು ತಿಳಿದು ನಾವು ಒಂದು ದೋಣಿ ಜನ ಬಂದೆವು. ವೇದಿಕೆಯ ಮೇಲೆ ಮಧ್ಯದ ಕುರ್ಚಿಯಲ್ಲಿ ನೀವೇ ಇದ್ದಿರಿ. ಗೋಡೆಯ ಮೇಲೆ ನದಿಯ ನಕ್ಷೆ ಬಿತ್ತು, ಅದರ ಮೇಲೆ ಕೆಂಪು ಗೆರೆಗಳು. ನಿಮ್ಮ ಸಂಶೋಧಕರು ಗಂಟಲು ಸರಿಮಾಡಿಕೊಂಡು ಹೇಳಿದರು: ಈ ಆಮೆ ಮಳೆಗಾಲ ಬಿಟ್ಟು ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಲೆಪಾನ್ ತಿರುವಿನಿಂದ ಹೊರಟು, ಪ್ರವಾಹದ ವಿರುದ್ಧ, ನಟ್ಟನಡು ನದಿಯಲ್ಲಿ, ಈವರೆಗೆ ಯಾವ ಆಮೆಯಲ್ಲೂ ಕಾಣದ ವೇಗದಲ್ಲಿ ಮ್ಯಾಥೈನ್ ಕಟ್ಟೆಗೆ ಈಜುತ್ತದೆ. ಇದಕ್ಕೆ ಅಸಾಧಾರಣವಾಗಿ ಬಲವಾದ ಹಿಂಗಾಲುಗಳು ಕಾರಣವಿರಬೇಕು. ಹುಣ್ಣಿಮೆಯಂದು ಸಂಕೇತವೂ ಅತ್ಯಂತ ಸ್ಪಷ್ಟ, ಬಹುಶಃ ಚಂದ್ರನ ಪ್ರಭಾವ.

ಸಭೆ ಚಪ್ಪಾಳೆ ತಟ್ಟಿತು. ನಾನು ಕೋ ನ್ಯೋನ ಮುಖ ನೋಡಿದೆ, ಅವನು ತನ್ನ ಚಪ್ಪಲಿ ನೋಡುತ್ತಿದ್ದ.

ಆ ಹಿಂಗಾಲುಗಳು ಮಾನ್ಯರೇ, ಚೀನಾದಲ್ಲಿ ತಯಾರಾದವು, ಡೀಸೆಲ್ ಕುಡಿಯುತ್ತವೆ, ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಬೇಕು. ಸಂಕೇತ ಸ್ಪಷ್ಟವಾಗಿದ್ದುದು ಅಂದು ಅವಳು ನೀರಿನಲ್ಲೇ ಇರಲಿಲ್ಲ, ಕೊಡೆಯ ನೆರಳಲ್ಲಿ ನಮ್ಮತ್ತೆಯ ಪಕ್ಕದಲ್ಲಿ ಕೂತಿದ್ದಳು ಎಂಬ ಕಾರಣಕ್ಕೆ. ಆಮೆ ದಾರಿಯಲ್ಲಿ ಎಡದಂಡೆಯ ಒಂದೇ ಜಾಗದಲ್ಲಿ ಪ್ರತಿ ಸಲವೂ ಸ್ವಲ್ಪ ಹೊತ್ತು ತಂಗುತ್ತದೆ, ಅಲ್ಲಿ ಆಹಾರ ಸಮೃದ್ಧವಾಗಿರಬೇಕು ಎಂದಿರಿ. ಸಮೃದ್ಧವಾಗಿಯೇ ಇದೆ. ಅದು ಮಾ ಠ್ವೇಯ ಮೊಹಿಂಗಾ ಅಂಗಡಿ, ಮೀನಿನ ಸಾರು ಬೆಳಿಗ್ಗೆಯೇ ಖಾಲಿಯಾಗುತ್ತದೆ, ಮುಂದಿನ ಸಲ ಬೇಗ ಬನ್ನಿ. ಒಂದು ಹುಣ್ಣಿಮೆಯಂದು ಸಂಕೇತ ಪೂರ್ತಿ ಮಂಕಾಗಿದ್ದಕ್ಕೆ ಸೂರ್ಯನ ಮೇಲೆ ಎದ್ದ ಬಿರುಗಾಳಿ ಕಾರಣ ಎಂದಿರಿ. ಸೂರ್ಯ ಪಾಪ, ಅವನಿಗೂ ಇದಕ್ಕೂ ಸಂಬಂಧವಿಲ್ಲ. ಅದು ಅತ್ತೆಯ ಚಿನ್ನದ ರೇಕು. ಮತ್ತೊಂದು ಸಲ ಆಮೆ ನಡುನೀರಿನಲ್ಲಿ ಗಿರಗಿರನೆ ಸುತ್ತಿದ್ದನ್ನು ತೋರಿಸಿ, ಇದು ಗಂಡಾಮೆಯನ್ನು ಕರೆಯುವ ಪ್ರಣಯ ನೃತ್ಯ ಎಂದಿರಿ. ಅಂದು ನನ್ನ ಇಂಜಿನ್ ಕೈಕೊಟ್ಟು ದೋಣಿ ಸುಳಿಯಲ್ಲಿ ತಿರುಗುತ್ತಿತ್ತು. ಅಲ್ಲಿದ್ದ ಗಂಡು ಕೋ ನ್ಯೋ ಒಬ್ಬನೇ. ಅವನು ನಾನು ಬೈದ ಬೈಗುಳ ಕೇಳುತ್ತಾ ಪಂಖಕ್ಕೆ ಸುತ್ತಿದ ಬಲೆಯ ಚೂರು ಬಿಡಿಸುತ್ತಿದ್ದ. ಪ್ರಣಯದ ಮಾತೇ ಅಲ್ಲಿ ಬರಲಿಲ್ಲ.

ಅತ್ತೆಗೆ ಪಿಸುಗುಟ್ಟಲು ಬರುವುದಿಲ್ಲ. ಪಿಸುಗುಟ್ಟಿದೆ ಎಂದುಕೊಂಡು ಇಡೀ ಸಭೆಗೆ ಕೇಳುವಂತೆ ಅಂದರು: "ಏ ಸೆಯಿನ್ ನ್ವೆ, ಅದು ನಮ್ಮ ಪ್ರಯಾಣ ಅಲ್ವೇನೇ? ನೋಡು, ಅಲ್ಲಿ ನಾನು ಒಂದಕ್ಕೆ ಅಂತ ಇಳಿದಿದ್ದೆ, ಅದನ್ನೂ ಹಾಕವ್ರೆ!"

ಜನ ನಕ್ಕರು. ನಾನು ಎದ್ದು ನಿಂತು, "ಸಯಾ, ಒಂದು ಮಾತು" ಎಂದೆ. ನೀವು ಗಡಿಯಾರ ನೋಡಿ, "ಪ್ರಶ್ನೆಗಳಿದ್ದರೆ ಬರೆದು ಕೊಡಿ" ಎಂದಿರಿ. ಆಮೇಲೆ ಊಟ. ನಿಮ್ಮ ಬಾಗಿಲ ಸಿಬ್ಬಂದಿಗೆ ಹೇಳಹೋದರೆ, ಸಂರಕ್ಷಿತ ಆಮೆಯನ್ನು ಮುಟ್ಟಿದವರಿಗೆ ಜೈಲು ಗೊತ್ತೇ ಎಂದು ಆತ ಕೇಳಿದ. ಗೊತ್ತಿರಲಿಲ್ಲ, ಅಂದು ಗೊತ್ತಾಯಿತು. ಹಾಗಾಗಿ ನಾವೂ ಬಾಯಿ ಹೊಲಿದುಕೊಂಡು ಬಂದೆವು. ಈಗ ಹೊಲಿಗೆ ಬಿಚ್ಚುತ್ತಿದ್ದೇನೆ.

ಸಭೆಯ ಕೊನೆಗೆ ನೀವು ತೀರ್ಮಾನ ಓದಿದಿರಿ: ಆಮೆಗೆ ಪ್ರಿಯವಾದ ಜಾಗ ಮ್ಯಾಥೈನ್ ಕಟ್ಟೆ, ಅಲ್ಲೇ ಮೊಟ್ಟೆ ಇಡಲು ಅದು ಹಂಬಲಿಸುತ್ತಿದೆ, ಅಲ್ಲಿಗೆ ಬೇಲಿ, ಫಲಕ, ಕಾವಲುಗಾರ. ಎಲ್ಲವೂ ಬಂದವು. ಕಾವಲುಗಾರ ಒಳ್ಳೆಯ ಮನುಷ್ಯ, ಹಗಲೆಲ್ಲ ಬೇಲಿಯೊಳಗೆ ಮಲಗಿರುತ್ತಾನೆ. ಮ್ಯಾಥೈನ್ ಕಟ್ಟೆಯೆಂದರೆ ಕರಿಬಂಡೆ, ಅದರ ಮೇಲೆ ಕಲ್ಲಿನ ಮೆಟ್ಟಿಲು. ಒಂದು ಹಿಡಿ ಮರಳಿಲ್ಲ. ಬಂಡೆಯೊಳಗೆ ಮೊಟ್ಟೆ ಇಡುವ ಆಮೆಯನ್ನು ಉಪಗ್ರಹ ಕಂಡಿರಬಹುದು, ನಾವು ಕಂಡಿಲ್ಲ.

ಅಂದು ದೋಣಿಯಲ್ಲಿ ವಾಪಸು ಬರುತ್ತಾ, ತಿರುವು ಕಾಣಿಸಿದಾಗ ಅತ್ತೆ ಇದ್ದಕ್ಕಿದ್ದ ಹಾಗೆ ಹೇಳಿದರು.

"ಅವಳು ಹೆರಿಗೆಗೆ ಬರ್ತಾ ಇದ್ದಾಳೆ ಕಣೇ."

"ಯಾರು?"

"ಮಾ ಪ್ಯೋನ್. ನನ್ನ ಗಂಡನ ಮನೇನೂ ಮೇಲ್ಗಡೇನೇ ಇತ್ತಲ್ಲ. ಹೆರಿಗೆಗೆ ಅಂತ ಇಲ್ಲಿಗೆ ಬಂದೆ. ಅವರು ಬಂದು ಕರ್ಕೊಂಡು ಹೋದ್ರು, ನಾನು ಮತ್ತೆ ಬಂದೆ. ಮತ್ತೆ ಕರ್ಕೊಂಡು ಹೋದ್ರು, ಮತ್ತೆ ಬಂದೆ. ನಿನ್ನ ಗಂಡ ಹುಟ್ಟಿದ್ದು ಈ ಮರಳು ದಾಟಿದ ಮೇಲೆ, ಆ ಎರಡನೇ ಮನೇಲಿ. ಥೂ, ನಮಗೆ ಬುದ್ಧಿ ಬೇಡ್ವಾ? ಬಸುರೀನ ಹೊತ್ಕೊಂಡು ಹೋಗಿ ಹೋಗಿ ಬಂಡೆ ಮೇಲೆ ಬಿಟ್ಟು ಬರ್ತಿದ್ವಲ್ಲ, ಪುಣ್ಯ ಅಂತ!"

ಕೋ ನ್ಯೋ ಮೆಲ್ಲಗೆ, "ನಾನೇ ಅವಳನ್ನ ಹಿಡಿದು ಹಿಡಿದು ಕೊಟ್ಟೋನು" ಎಂದ. ಅತ್ತೆ ಅವನ ಬೆನ್ನಿಗೊಂದು ಗುದ್ದಿದರು. ಅಷ್ಟಕ್ಕೇ ಬಿಟ್ಟರು, ಅವರ ಲೆಕ್ಕದಲ್ಲಿ ಅದು ಕ್ಷಮೆ.

ಅವನು ಮರುದಿನವೇ ಬಲೆಯನ್ನು ತಿರುವಿನಿಂದ ಎತ್ತಿದ. ಉಳಿದದ್ದು ಹುಣ್ಣಿಮೆಯ ಪ್ರಶ್ನೆ. ಊರಿನವರಿಗೆ ಪುಣ್ಯದ ದಾರಿ ಮುಚ್ಚಿಹೋದರೆ ಒಪ್ಪುತ್ತಾರೆಯೇ? ನಾನು ಮ್ಯಾಥೈನ್‌ಗೆ ಹೋಗಿ ಸಯಾಡೋ ಅವರ ಮುಂದೆ ಮಂಡಿಯೂರಿ ಎಲ್ಲ ಹೇಳಿದೆ. ನಿಮ್ಮ ನಕ್ಷೆ, ನನ್ನ ಇಂಜಿನ್ನು, ಪ್ರಣಯ ನೃತ್ಯ, ಯಾವುದನ್ನೂ ಬಿಡಲಿಲ್ಲ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಈ ಸಲ ನಾನೇ ಕೆಳಗೆ ಬರ್ತೀನಮ್ಮ. ನಿನ್ನ ದೋಣಿಗೆ ಆಮೆಗಿಂತ ನಾನೇ ಹಗುರ" ಎಂದರು.

ಹೀಗಾಗಿ ಕಳೆದ ಹುಣ್ಣಿಮೆಯಂದು, ಅಂದರೆ ತಬೋದ್ವೆ ತಿಂಗಳಲ್ಲಿ, ನನ್ನ ಹಿಂಗಾಲುಗಳು ಖಾಲಿ ಮೇಲಕ್ಕೆ ಹೋಗಿ, ಸಯಾಡೋ ಅವರನ್ನು ಕೂರಿಸಿಕೊಂಡು ಕೆಳಗೆ ಬಂದವು. ಲೆಪಾನ್ ದಿಬ್ಬದ ಮೇಲೆ ಊರೆಲ್ಲ ಸೇರಿತು. ಅವರು ಹೇಳಿದ್ದು ಸಣ್ಣ ಮಾತು: ಹಿಡಿಯದೇ ಇದ್ದರೆ ಬಿಡುವ ಶ್ರಮವೂ ಇಲ್ಲ, ಅದೂ ಜೀವದಾನವೇ. ಅಕ್ಕಿ ಗಿರಣಿಯವರು ಸ್ವಲ್ಪ ಗೊಣಗಿದರು. ಧಾರೆಯ ನೀರು ನಮ್ಮ ಮರಳಿನ ಮೇಲೆ ಬಿತ್ತು. ಮಾ ಪ್ಯೋನ್ ನೀರಿನಿಂದ ಮೂತಿ ಎತ್ತಿ ನೋಡುತ್ತಿದ್ದಳು, ಈ ಹುಣ್ಣಿಮೆ ಇವರಿಗೇನಾಯಿತು ಎನ್ನುವಂತೆ.

ಅವತ್ತು ಅವಳು ಎಲ್ಲಿಗೂ ಹೋಗಲಿಲ್ಲ. ನೀವು ಅದನ್ನು ಸಾವು ಎಂದು ಓದಿದಿರಿ. ಎರಡು ವರ್ಷ ನಾವು ಹೊತ್ತು ತಿರುಗಿದ್ದನ್ನು ಬದುಕು ಎಂದು ಓದಿದವರು, ಒಂದು ದಿನ ಅವಳನ್ನು ಅವಳ ಪಾಡಿಗೆ ಬಿಟ್ಟದ್ದನ್ನು ಸಾವು ಎಂದು ಓದಿದಿರಿ. ನಿಮ್ಮ ವಿದ್ಯೆಯ ಬಗ್ಗೆ ನನಗೆ ಗೌರವವಿದೆ ಸ್ವಾಮಿ, ನಿಜವಾಗಿಯೂ ಇದೆ. ಯಂತ್ರ ಸುಳ್ಳು ಹೇಳಲಿಲ್ಲ, ಉಪಗ್ರಹವೂ ಹೇಳಲಿಲ್ಲ. ಅವಳು ಎಲ್ಲಿದ್ದಾಳೆ ಎಂಬುದನ್ನು ಅವು ಸರಿಯಾಗಿಯೇ ಹೇಳಿದವು. ಯಾರ ಜೊತೆ ಇದ್ದಾಳೆ ಎಂದು ಕೇಳಬೇಕಾದವರು ನೀವು. ಅಷ್ಟು ಎತ್ತರದಿಂದ ನೋಡಿದ ನಿಮ್ಮ ಕಚೇರಿಗೆ ಒಂದು ದೋಣಿಯ ಎತ್ತರದಿಂದ ನೋಡಲು ಪುರುಸೊತ್ತಾಗಲಿಲ್ಲವೇ? ಕೆಂಪು ಗೆರೆಗಳಲ್ಲಿ ಮೇಲಕ್ಕೆ ಹೋದವು ಮಾತ್ರ ನಿಮಗೆ ಅದ್ಭುತವಾಗಿ ಕಂಡವು. ನಿಧಾನವಾಗಿ, ಕೊಂಕುತ್ತಾ, ನಿಲ್ಲುತ್ತಾ, ಪ್ರತಿ ಸಲವೂ ಕೆಳಕ್ಕೆ ಬಂದ ಗೆರೆಗಳೂ ಅದೇ ನಕ್ಷೆಯಲ್ಲಿದ್ದವಲ್ಲ? ಅವು ಮಾತ್ರವೇ ಅವಳು ತಾನಾಗಿ ಈಜಿದ ದಾರಿಗಳು. ಅವೆಲ್ಲವೂ ಒಂದೇ ಮರಳಿಗೆ ಬಂದು ಮುಟ್ಟುತ್ತವೆ.

ಹುಣ್ಣಿಮೆ ಕಳೆದು ಕೆಲವು ದಿನಗಳಾದ ಮೇಲೆ, ಬೆಳಗಾಗುವ ಹೊತ್ತಿಗೆ, ಇಂಜಿನ್‌ಗೆ ಡೀಸೆಲ್ ಹಾಕಲು ಬಂದ ನಾನು ದಿಬ್ಬದ ಮೇಲೆ ಅವಳ ಹೆಜ್ಜೆಯ ಜಾಡು ಕಂಡೆ. ನೀರಿನಿಂದ ಮೇಲಕ್ಕೊಂದು, ಮೇಲಿನಿಂದ ನೀರಿಗೊಂದು. ನಡುವೆ ಮರಳು ಕೆದರಿ, ಮತ್ತೆ ಹೊಟ್ಟೆಯಿಂದ ಸವರಿ ಮಟ್ಟ ಮಾಡಿದ ಗುರುತು. ಅತ್ತೆಯನ್ನು ಕೂಗಿದೆ. ಅವರು ಬಂದು ನೋಡಿ ಅಲ್ಲೇ ಕೂತುಬಿಟ್ಟರು. ಮಂಡಿನೋವಿನವರು ನೆಲಕ್ಕೆ ಕೂರುವುದೆಂದರೆ ಸುಮ್ಮನೆಯಲ್ಲ. ಅವರು ಅತ್ತರು, ನಾನೂ ಅತ್ತೆ. ಇದನ್ನು ನಿಮ್ಮ ವರದಿಯಲ್ಲಿ ಸೇರಿಸುವ ಅಗತ್ಯವಿಲ್ಲ.

ಈಗ ನಮ್ಮ ಬೇಡಿಕೆ. ಆ ಮೊಟ್ಟೆಗಳನ್ನು ಕಿತ್ತು ಬೇರೆಡೆ ಇಡುತ್ತೇವೆ ಎಂದು ಬರಬೇಡಿ. ಇಷ್ಟು ದಿನವಾದ ಮೇಲೆ ಅವನ್ನು ಅಲುಗಿಸಿದರೆ ಒಳಗಿನ ಜೀವ ಉಳಿಯುವುದಿಲ್ಲ ಎಂದು ಅದೇ ಸಭೆಯಲ್ಲಿ ನಿಮ್ಮವರೇ ಹೇಳಿದ್ದು ನಮಗೆ ನೆನಪಿದೆ. ಊಟಕ್ಕೆ ಬಂದವರೂ ಸ್ವಲ್ಪ ಕೇಳಿಸಿಕೊಳ್ಳುತ್ತೇವೆ. ಮರಳು ತೋಡಲು ಆಕ್ಷೇಪಣೆಯಿಲ್ಲ ಎಂಬ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಿರಿ. ಶ್ರದ್ಧಾಂಜಲಿ ಬಂದ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಆಮೆ ಬದುಕಿದೆ, ತಪ್ಪಾಯಿತು ಎಂದು ಹಾಕಿಸಿ. ಕಪ್ಪು ಅಂಚು ಬೇಡ. ಬಂಡೆಯ ಸುತ್ತಲಿನ ಬೇಲಿ, ಫಲಕ, ಕಾವಲುಗಾರ ಮೂರನ್ನೂ ಇಲ್ಲಿಗೆ ತನ್ನಿ. ದೋಣಿ ನಾನು ಕೊಡುತ್ತೇನೆ, ಆ ವೇಗ ನಿಮಗೆ ಈಗಾಗಲೇ ಪರಿಚಯವಿದೆ. ಆಮೆಯನ್ನು ಮುಟ್ಟಿದ ಅಪರಾಧಕ್ಕೆ ನಮ್ಮನ್ನು ಹಿಡಿಯಬೇಕೆಂದಿದ್ದರೆ ಅದಕ್ಕೂ ಬನ್ನಿ, ಊರು ಪೂರ್ತಿ ಇದೆ, ಎಲ್ಲಿಗೂ ಹೋಗುವುದಿಲ್ಲ. ಹೇಗಾದರೂ ಬನ್ನಿ. ತಬೌಂಗ್ ಹುಣ್ಣಿಮೆಗೆ ಮುಂಚೆ ಬನ್ನಿ.

ಅತ್ತೆ ಅಂದಿನಿಂದ ದಿಬ್ಬದ ಮೇಲೆಯೇ ಇದ್ದಾರೆ. ಬೆಳಿಗ್ಗೆ ಕೊಡೆ, ವೀಳ್ಯದ ಡಬ್ಬಿ, ಚಾಪೆ ಹಿಡಿದು ಹೋದರೆ ಕತ್ತಲಾಗುವವರೆಗೆ ಅಲ್ಲೇ. ನಿನ್ನೆ ಮರಳು ತೋಡುವ ಯಂತ್ರದವರ ಕಡೆಯ ಒಬ್ಬ ಬಂದು ಮರಳಿಗೆ ಕೆಂಪು ಬಟ್ಟೆಯ ಗೂಟ ನೆಟ್ಟು ಹೋದ. ಹೋಗುವಾಗ ಅವರ ಹತ್ತಿರ ನಿಂತು ಮೆತ್ತಗೆ ಹೇಳಿದ: "ಅಜ್ಜೀ, ಯಂತ್ರ ಬಂದಾಗ ಇಲ್ಲಿರಬೇಡಿ. ಇಲ್ಲಾಂದ್ರೆ ನಿಮ್ಮನ್ನ ಎತ್ತಿ ಆಚೆ ಬಿಡಬೇಕಾಗುತ್ತೆ."

ಅತ್ತೆ ವೀಳ್ಯ ಉಗುಳಿ ಬಾಯಿ ಒರೆಸಿಕೊಂಡರು.

"ಎತ್ಕೊಂಡು ಹೋಗಪ್ಪಾ. ಎಷ್ಟು ಮೇಲ್ಗಡೆ ಬೇಕೋ ಅಷ್ಟು ಮೇಲ್ಗಡೆ ಬಿಟ್ಟು ಬಾ. ನಾನು ವಾಪಸ್ ಬರ್ತೀನಿ."

ಇಂತಿ,
ನಿಮ್ಮ ವರದಿಯಲ್ಲಿ ಹೊಗಳಿಸಿಕೊಂಡಿರುವ ಆ ಬಲವಾದ ಹಿಂಗಾಲುಗಳ ಒಡತಿ,
ದೋ ಸೆಯಿನ್ ನ್ವೆ
ಲೆಪಾನ್ ತಿರುವು, ಚಿಂದ್ವಿನ್ ದಂಡೆ